ನಮ್ಮ ಹಬ್ಬ, ನಮ್ಮ ಎಮ್ಮೆ

ನನ್ನ ಹೆಂಡತಿಯ ತವರು ಹರದನಹಳ್ಳಿ. ಮದುವೆ ಗೊತ್ತಾದಾಗ ಹೆಣ್ಣು ಯಾವೂರು ಎಂದು ಕೇಳಿದವರಿಗೆಲ್ಲ ನಾನು ‘ಇಲ್ಲೇ, ಚಾಮರಾಜನಗರದ ಪಕ್ಕ’ ಎಂದು ಹೇಳಿ ಮಾತು ತೇಲಿಸುತ್ತಿದ್ದೆ. ಊರಿನ ಬಗ್ಗೆ ಕೀಳು ಭಾವನೆಯೇನೂ ಇರಲಿಲ್ಲ. ಅದರ ಹೆಸರಿನಲ್ಲಿ ಎರಡು ಹಕಾರಗಳಿದ್ದವು, ಅದೇ ತೊಂದರೆ. ಹಕಾರವಿರುವ ಕಡೆ ನಾನು ಸಾಮಾನ್ಯವಾಗಿ ಕಾಲಿಡುವುದಿಲ್ಲ. ಹೂವನ್ನು ಫ್ಲವರ್ ಎನ್ನುತ್ತೇನೆ, ಹತ್ತನ್ನು ಟೆನ್ ಎನ್ನುತ್ತೇನೆ. ಯಾರ ಮನೆಯಿಂದಲೂ ‘ಹೋಗ್ತೀನಿ’ ಎಂದು ಎದ್ದವನಲ್ಲ, ‘ಬರ್ತೀನಿ’ ಎಂದೇ ಎದ್ದವನು. ಅದಕ್ಕಾಗಿ ಬೀಗರ ಕಡೆಯಲ್ಲಿ ನನಗೆ ಸಂಪ್ರದಾಯಸ್ಥ ಎಂಬ ಒಳ್ಳೆಯ ಹೆಸರಿದೆ. ಬಂಡೀಪುರದ ರಸ್ತೆಯಲ್ಲಿ ಒಮ್ಮೆ ಹುಲಿ ಅಡ್ಡ ಬಂದು, ಕಾರಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾಗಲೂ ನಾನು ಬಹಳ ಎಚ್ಚರದಿಂದ ‘ಟೈಗರ್’ ಎಂದೆನಂತೆ. ನನಗೆ ಇಂಗ್ಲಿಷ್ ಶೋಕಿ ಎಂದು ನೆಂಟರು ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ನಮ್ಮ ಕಡೆಯ ಮಾತಿನಲ್ಲಿ ಹಕಾರ ಇಲ್ಲ. ಹೋಗು ಅನ್ನುವುದು ಓಗು, ಹಬ್ಬ ಅನ್ನುವುದು ಅಬ್ಬ. ತೆರಕಣಾಂಬಿಯ ಮಗ್ಗುಲಿನ ನಮ್ಮೂರಿನಲ್ಲಿ ಆ ಅಕ್ಷರವಿಲ್ಲದೆಯೇ ಜನ ಹುಟ್ಟಿದ್ದಾರೆ, ಮದುವೆಯಾಗಿದ್ದಾರೆ, ಬದುವಿಗಾಗಿ ಬಡಿದಾಡಿದ್ದಾರೆ, ಸತ್ತಿದ್ದಾರೆ. ಯಾರಿಗೂ ಏನೂ ಕಮ್ಮಿಯಾದಂತೆ ಅನ್ನಿಸಿರಲಿಲ್ಲ. ನನಗೆ ಅನ್ನಿಸಿದ್ದು ಗುಂಡ್ಲುಪೇಟೆಯ ಸ್ಕೂಲಿಗೆ ಸೇರಿದ ಮೇಲೆ.

ಆ ವರ್ಷ ಸ್ವಾತಂತ್ರ್ಯ ದಿನಕ್ಕೆ ತರಗತಿಗೊಬ್ಬರಂತೆ ಒಂದೊಂದು ವಾಕ್ಯ ಹೇಳಬೇಕಿತ್ತು. ನನ್ನ ಪಾಲಿಗೆ ಬಂದದ್ದು ‘ಆಗಸ್ಟ್ ಹದಿನೈದು ನಮ್ಮ ಹೆಮ್ಮೆಯ ದಿನ’. ಹಳ್ಳಿಯಿಂದ ಬರುವವರು ಹಕಾರ ನುಂಗಿದರೆ ಚರ್ಮ ಸುಲಿಯುತ್ತೇನೆಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ಆ ವಯಸ್ಸಿಗೇ ನಾನು ಈಗಿನಷ್ಟೇ ಚಿಂತೆಯ ಗಿರಾಕಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಕ್ಯವನ್ನು ಜಪಿಸಿದೆ. ಎಲ್ಲಾದರೂ ಹಕಾರ ಮರೆತುಹೋದರೆ ಎಂಬ ಭಯಕ್ಕೆ, ಶುರುವಿನಲ್ಲೇ ಒಂದು ಹಾಕಿಬಿಡುವುದು ಕ್ಷೇಮ ಎಂದು ತೀರ್ಮಾನಿಸಿದೆ. ಧ್ವಜದ ಕಂಬದ ಕೆಳಗೆ ನಿಂತು, ಎದೆ ಸೆಟೆಸಿ, ಊರೆಲ್ಲ ಕೇಳುವಂತೆ ಹೇಳಿದೆ: ‘ಹಗಸ್ಟು ಅದಿನೈದು ನಮ್ಮ ಎಮ್ಮೆಯ ದಿನ.’

ನಕ್ಕವರನ್ನೆಲ್ಲ ನಾನು ದ್ವೇಷಿಸುವುದಿಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ. ದ್ವೇಷಿಸುವುದು ಒಬ್ಬನನ್ನು. ಅವನು ನಮ್ಮ ಕ್ಲಾಸಿನ ಮಾನಿಟರ್, ಪೇಟೆ ಬೀದಿಯ ಅಂಗಡಿಯವರ ಮಗ. ಬೂಂದಿ ಹಂಚುವ ತಟ್ಟೆ ಅವನ ಕೈಯಲ್ಲಿತ್ತು. ಸಾಲಿನಲ್ಲಿ ನನ್ನ ಮುಂದೆ ಬಂದವನು ತಟ್ಟೆಯನ್ನು ಪಕ್ಕದವನ ಕೈಗೆ ಕೊಟ್ಟು, ಬಗ್ಗಿ, ಕಂಬದ ಬುಡದಲ್ಲಿದ್ದ ಹುಲ್ಲನ್ನು ಒಂದು ಹಿಡಿ ಕಿತ್ತು ನನ್ನ ಅಂಗೈಯಲ್ಲಿಟ್ಟ. ‘ಎಮ್ಮೆಗೆ ಹುಲ್ಲು’ ಎಂದ. ಆ ಹುಲ್ಲಿನ ಹಕಾರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರ ಗಾಳಿ ನನ್ನ ಮೂಗಿಗೆ ತಾಗಿತು. ಹೆಡ್‌ಮಾಸ್ತರೂ ನಕ್ಕರು. ಅವತ್ತಿನಿಂದ ಆ ಸ್ಕೂಲು ಬಿಡುವವರೆಗೂ ನನಗೆ ‘ಹಗಸ್ಟು’ ಎಂದೇ ಹೆಸರು. ಈಗಲೂ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ತಲೆ ನರೆತ ಯಾರಾದರೊಬ್ಬರು ‘ಏನ್ಲಾ ಹಗಸ್ಟು’ ಎಂದು ಹೆಗಲ ಮೇಲೆ ಕೈ ಹಾಕುತ್ತಾರೆ. ನಾನೂ ನಗುತ್ತೇನೆ. ಧ್ವಜ ಹಾರುವ ದಿನ ಉಳಿದವರು ದೇಶವನ್ನು ನೆನೆದರೆ ನಾನು ಅವನನ್ನು ನೆನೆಯುತ್ತೇನೆ.

ಅವನು ಉದ್ಧಾರವಾದ. ಅದೇ ಕಷ್ಟ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾನೆ, ತಾಲ್ಲೂಕಿನಲ್ಲಿ ಯಾವ ಸಮಾರಂಭವಾದರೂ ನಿರೂಪಣೆ ಅವನದೇ. ‘ಹಾರ್ದಿಕ’ ಎಂದನೆಂದರೆ ಹಸಿ ಸೌದೆಯ ಒಲೆ ಊದಿದ ಹಾಗೆ. ಮುಂದಿನ ಸಾಲಿನವರ ಕೂದಲು ಹಾರಬೇಕು. ನಾನು ಚಾಮರಾಜನಗರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ಹುಟ್ಟುಹಬ್ಬ, ಹಾರ್ದಿಕ ಸ್ವಾಗತ, ಹೃತ್ಪೂರ್ವಕ ಶ್ರದ್ಧಾಂಜಲಿ, ದಿನಕ್ಕೆ ಎಷ್ಟು ಹಕಾರ ಅಚ್ಚು ಹಾಕುತ್ತೇನೋ ಲೆಕ್ಕವಿಲ್ಲ. ಬಾಯಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ.

ಇದನ್ನೆಲ್ಲ ಎದೆಯೊಳಗಿಟ್ಟುಕೊಂಡು ಸಾಯುವವರೆಗೂ ನೆಮ್ಮದಿಯಾಗಿ ಸಿಟ್ಟಾಗಿರಬಹುದಿತ್ತು. ಹಾಗಾಗದಂತೆ ಮಾಡಿದ್ದು ನನ್ನ ಮಗಳ ಒಂದು ಪ್ರಶ್ನೆ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಐದನೇ ಕ್ಲಾಸು. ಸಂಕ್ರಾಂತಿ ಅಂದರೆ ಗಾಳಿಪಟದ ದಿನ ತಾನೆ ಎಂದು ಊಟದ ಹೊತ್ತಿನಲ್ಲಿ ಕೇಳಿದಳು. ನಮ್ಮೂರಿನಲ್ಲಿ ಸಂಕ್ರಾಂತಿಗೆ ಗಾಳಿಪಟ ಹಾರಿಸಿದವರನ್ನು ನಾನು ಕಂಡಿಲ್ಲ. ಸ್ಕೂಲಿನಲ್ಲಿ ಕೊಟ್ಟ ಹಾಳೆಯಲ್ಲಿ ಪಟದ ಚಿತ್ರವಿತ್ತು, ಇವಳು ಬಣ್ಣ ತುಂಬಿದ್ದಳು. ನನ್ನ ಹೆಂಡತಿ ತುತ್ತು ಕೆಳಗಿಟ್ಟಳು. ಈ ಮಗುವಿಗೆ ನಾಡು ಗೊತ್ತಿಲ್ಲ, ದೇಶ ಗೊತ್ತಿಲ್ಲ, ಹಬ್ಬ ಗೊತ್ತಿಲ್ಲ, ನೀವು ಅಂಗಡಿಯಲ್ಲಿ ಕೂತು ಬೇರೆಯವರ ಹಬ್ಬಕ್ಕೆ ಶುಭಾಶಯ ಅಚ್ಚು ಹಾಕಿ ಎಂದಳು. ಗುಂಡ್ಲುಪೇಟೆಯಲ್ಲಿರುವ ಅವಳ ಅಕ್ಕ ಒಂದು ಶಿಬಿರದ ವಿಷಯ ತಿಳಿಸಿದ್ದರಂತೆ. ಶನಿವಾರ, ಭಾನುವಾರ ಕಲ್ಯಾಣ ಮಂಟಪವೊಂದರಲ್ಲಿ ಮಕ್ಕಳಿಗೆ ದೇಶದ ಚರಿತ್ರೆ, ಹಬ್ಬ, ಆಚಾರ ಹೇಳಿಕೊಡುತ್ತಾರೆ. ಕೊನೆಯ ಭಾನುವಾರ ಸಮಾರಂಭ. ಒಂದೊಂದು ಮಗು ಒಂದೊಂದು ಹಬ್ಬದ ಬಗ್ಗೆ ವೇದಿಕೆಯ ಮೇಲೆ ಮಾತಾಡಬೇಕು. ನಡೆಸುವವರು ಯಾರು ಎಂದು ಕೇಳಿದೆ. ಅವಳು ಹೇಳಿದ್ದು ಆ ಮಾನಿಟರನ ಹೆಸರು.

ಬೇಡ ಅನ್ನಲು ಕಾರಣ ಹುಡುಕಿದೆ. ಬಸ್ಸು ತುಂಬಿರುತ್ತದೆ ಎಂದೆ. ಚಳಿ ಎಂದೆ. ಬಂಡೀಪುರದ ಆನೆ ಈಚೆಗೆ ಪೇಟೆಯವರೆಗೂ ಬರುತ್ತಿದೆಯಂತೆ ಎಂದೆ. ಆನೆ ಕಲ್ಯಾಣ ಮಂಟಪದೊಳಗೆ ಬರುವುದಿಲ್ಲ ಎಂದು ಹೆಂಡತಿ ಮಾತು ಮುಗಿಸಿದಳು.

ಮಗಳು ಖುಷಿಯಿಂದಲೇ ಹೋದಳು. ಶಿಬಿರದಲ್ಲಿ ಬೇಕರಿಯವರೊಬ್ಬರ ಹುಡುಗಿ ಓಣಂ ಆರಿಸಿಕೊಂಡಿದ್ದಳು, ಅವರ ಮನೆಮಾತು ಮಲಯಾಳಂ. ಇನ್ನೊಬ್ಬನದು ರಂಜಾನ್. ಒಬ್ಬನಿಗೆ ಸ್ವಾತಂತ್ರ್ಯ ದಿನ ಸಿಕ್ಕಿತ್ತು, ಅವನ ಬಗ್ಗೆ ನನಗೆ ಮರುಕ ಹುಟ್ಟಿತು. ನಮ್ಮವಳು ಸಂಕ್ರಾಂತಿ ಎಂದು ಹಟ ಹಿಡಿದು, ಮನೆಗೆ ಬಂದವಳೇ ನನ್ನ ತಾಯಿಯ ಪಕ್ಕ ಕೂತಳು. ನಮ್ಮವ್ವ ನಮ್ಮ ಜೊತೆಗೇ ಇದ್ದಾಳೆ. ಮಗಳು ಕನ್ನಡ ಕಲಿತಿದ್ದು ಅವಳ ಬಾಯಿಂದಲೇ. ಹಾಗಾಗಿ ಆ ಕನ್ನಡದಲ್ಲಿ ಏನಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಅವ್ವ ಹೇಳಿದ್ದು ತನ್ನ ತವರಿನ ಎಮ್ಮೆಯ ಕಥೆ. ನಾನು ಅದನ್ನು ಮೊದಲೂ ಕೇಳಿದ್ದೆ, ಕೇಳಿ ಮರೆತಿದ್ದೆ. ಮಗಳು ಒಂದು ವಾರ ಅದನ್ನೇ ಹೇಳಿಸಿಕೊಂಡು, ಅವ್ವನ ಕೈಸನ್ನೆಯೂ ಸೇರಿದಂತೆ ಬಾಯಿಪಾಠ ಮಾಡಿದಳು.

ಶಿಬಿರದ ಎರಡನೇ ಶನಿವಾರ ವಾಪಸು ಬಂದವಳ ಕೈಯಲ್ಲಿ ಪೇಪರಿನ ಒಂದು ಪಟ್ಟಿ ಇತ್ತು. ಬಾಯಿಯ ಮುಂದೆ ಹಿಡಿದುಕೊಂಡು ಮಾತಾಡಬೇಕಂತೆ, ಹಕಾರ ಬಂದಾಗ ಪಟ್ಟಿ ಅಲ್ಲಾಡಬೇಕಂತೆ. ಅವನು ಎಲ್ಲ ಮಕ್ಕಳ ಎದುರಿಗೆ ಇವಳನ್ನು ನಿಲ್ಲಿಸಿ ‘ಹಬ್ಬ’ ಅನ್ನಿಸಿದ್ದಾನೆ. ಪಟ್ಟಿ ಅಲ್ಲಾಡಲಿಲ್ಲ. ಮತ್ತೆ ಅನ್ನಿಸಿದ್ದಾನೆ. ಅಜ್ಜಿಯ ಹತ್ತಿರ ಕಥೆ ಕೇಳು, ಭಾಷೆ ಕಲಿಯಬೇಡ ಎಂದನಂತೆ. ಸಮಾರಂಭದ ದಿನಕ್ಕೆ ಪಟ್ಟಿ ಅಲ್ಲಾಡಿದರೆ ಮೈಕು, ಇಲ್ಲದಿದ್ದರೆ ಎಳ್ಳುಬೆಲ್ಲದ ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಲ್ಲುವುದು.

ಅವಳು ಅಭ್ಯಾಸ ಮಾಡಿದಳು. ಕನ್ನಡಿಯ ಮುಂದೆ, ಬಚ್ಚಲಿನಲ್ಲಿ, ಸ್ಕೂಲಿನ ಆಟೋ ಕಾಯುತ್ತಾ. ಬುಧವಾರ ನಾನು ಅಂಗಡಿಯಿಂದ ಮಧ್ಯಾಹ್ನದ ಊಟಕ್ಕೆ ಬಂದಾಗ ಮನೆಯಲ್ಲೇ ಇದ್ದಳು, ಸ್ಕೂಲಿಗೆ ರಜೆ. ಬಾಗಿಲಲ್ಲಿ ನಿಂತು, ಗಲ್ಲ ಉಬ್ಬಿಸಿ ಕೇಳಿದಳು: ‘ಹಪ್ಪಾ, ಹೂಟ ಹಾಯ್ತಾ?’

ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತೆ. ಧ್ವಜದ ಕಂಬ, ಬೂಂದಿ ತಟ್ಟೆ, ಹುಲ್ಲು, ಎಲ್ಲ ಒಟ್ಟಿಗೆ ಬಂದು ಎದುರು ನಿಂತವು. ಒಳಗಿನಿಂದ ಅವ್ವ, ‘ನಿನ್ ಮಗ್ಳಿಗೆ ಏನಾಗದ್ಲಾ? ಮಾತಾಡ್ದಾಗೆಲ್ಲ ಏದುಸ್ರು ಬುಡ್ತಾಳೆ. ಡಾಕ್ಟ್ರಿಗೆ ತೋರ್ಸು ಕಣ್ಲಾ’ ಎಂದಳು. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಊಟವಾದ ಮೇಲೆ ದಿನದ ಅಭ್ಯಾಸದಂತೆ, ‘ಬಾ ಕಣಮ್ಮಿ, ಎಮ್ಮೆ ಕಥೆ ಯೋಳ್ತೀನಿ’ ಎಂದು ಮೊಮ್ಮಗಳನ್ನು ಕರೆದಳು.

ಮಗಳು ದೂರದಲ್ಲೇ ನಿಂತು, ‘ಬೇಡ ಅಜ್ಜಿ. ನಿನ್ ಮಾತು ನಂಗೆ ಅಂಟ್ಕೊಳ್ತದೆ’ ಎಂದಳು.

ಅವ್ವ ಸುಲಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಾ ಕೂತಳು. ಮಗಳು ರೂಮಿಗೆ ಹೋದಳು. ಅವತ್ತಿನಿಂದ ಅವಳ ಮಾತೇ ಕಮ್ಮಿಯಾಗುತ್ತ ಬಂತು. ಬೇಕಾದ್ದನ್ನು ಬೊಟ್ಟು ಮಾಡಿ ತೋರಿಸುವಳು. ಇಂಗ್ಲಿಷಿನಲ್ಲಿ ಒಂದು ಪದ ಹೇಳಿ ಸುಮ್ಮನಾಗುವಳು. ಆ ವಿದ್ಯೆ ನನಗೆ ಚೆನ್ನಾಗಿ ಗೊತ್ತು, ಮನೆಯಲ್ಲಿ ಅದರ ಪ್ರೊಫೆಸರ್ ನಾನೇ. ಇವಳೂ ಒಂದು ದಿನ ಹುಲಿಯ ಎದುರು ಟೈಗರ್ ಎನ್ನುವವಳಾಗುತ್ತಾಳೆ. ಈ ಭಾನುವಾರದ ಸಮಾರಂಭದಲ್ಲಿ ಅವಳು ಬಾಯಿ ಬಿಡದೆ ತಟ್ಟೆ ಹಿಡಿದು ನಿಂತರೆ ಇನ್ನು ಯಾವತ್ತೂ ಬಿಡುವುದಿಲ್ಲ. ಇದು ಚಿಂತೆಗಾರನ ಉತ್ಪ್ರೇಕ್ಷೆಯಲ್ಲ, ಅನುಭವ.

ಗುರುವಾರ ಅವನ ಫೋನು ಬಂತು. ಸಮಾರಂಭದ ಫ್ಲೆಕ್ಸ್ ನನ್ನಲ್ಲೇ ಮಾಡಿಸುತ್ತಾನಂತೆ, ಹಳೆಯ ಸ್ನೇಹ. ಘೋಷವಾಕ್ಯ ‘ನಮ್ಮ ಹಬ್ಬ ನಮ್ಮ ಹೆಮ್ಮೆ’. ದೊಡ್ಡ ಅಕ್ಷರ, ಹಿಂದೆ ಕಬ್ಬು, ಕೆಳಗೆ ಸಾಲಾಗಿ ಮಕ್ಕಳು. ಎಲ್ಲ ಹೇಳಿ ಮುಗಿಸಿ, ‘ನಿನ್ನ ಮಗಳು ಥೇಟ್ ನೀನೇ ಕಣಪ್ಪ ಹಗಸ್ಟು. ಹಕಾರ ಬಾಯಿಗೇ ಬರಲ್ಲ. ತಟ್ಟೆ ಹಿಡ್ಕೊಂಡು ನಿಂತ್ಕೊಳ್ಳಲಿ ಬಿಡು, ಲಕ್ಷಣವಾಗಿ ಕಾಣ್ತಾಳೆ’ ಎಂದ.

ಇಷ್ಟು ವರ್ಷ ಅವನಿಗೆಂದು ನಾನು ಹೊಸೆದಿಟ್ಟ ಮಾತುಗಳಿಗೆ ಲೆಕ್ಕವಿಲ್ಲ. ಸ್ನಾನ ಮಾಡುವಾಗ, ಬಸ್ಸಿನ ಕಿಟಕಿಯ ಪಕ್ಕ, ಎಷ್ಟು ಚೂಪಾದ ಮಾತುಗಳು. ಅವುಗಳಲ್ಲಿ ಒಂದನ್ನೂ ಆಡದೆ ‘ಆಯ್ತು ಸಾರ್’ ಎಂದೆ. ಸಾರ್ ಬೇರೆ.

ಫೋನಿಟ್ಟು, ಕಂಪ್ಯೂಟರಿನ ಮುಂದೆ ಕೂತು, ಅವನು ಹೇಳಿದಂತೆಯೇ ಚೆಂದವಾಗಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಹೆಬ್ಬೆರಳಿನ ಚಿತ್ರ ಬಂತು. ಪ್ರಿಂಟಿಗೆ ಹಾಕಬೇಕು. ಪರದೆಯ ಮೇಲೆ ‘ಹೆಮ್ಮೆ’ ಹೊಳೆಯುತ್ತಿತ್ತು. ಅದರ ಮೊದಲ ಅಕ್ಷರದ ಪಕ್ಕ ಕರ್ಸರ್ ಇಟ್ಟೆ. ಅಳಿಸಿದೆ. ‘ಎ’ ಒತ್ತಿದೆ. ನಮ್ಮ ಹಬ್ಬ ನಮ್ಮ ಎಮ್ಮೆ.

ಅವನು ದುಡ್ಡು ಕೊಡದಿದ್ದರೆ? ಇಡೀ ತಾಲ್ಲೂಕಿಗೆ ನನ್ನ ಅಂಗಡಿ ತಪ್ಪಿನ ಅಂಗಡಿ ಎಂದು ಸಾರಿದರೆ? ಸಂಸ್ಕೃತಿಗೆ ಅವಮಾನ ಎಂದು ಯಾರಾದರೂ ಗಾಜು ಒಡೆದರೆ? ಯೋಚಿಸಿ ಯೋಚಿಸಿ, ಪ್ರತಿ ಫ್ಲೆಕ್ಸಿನ ಮೂಲೆಯಲ್ಲೂ ಚಿಕ್ಕದಾಗಿ ಹಾಕುವ ನನ್ನ ಅಂಗಡಿಯ ಹೆಸರನ್ನು ಅದೊಂದರಿಂದ ತೆಗೆದುಬಿಟ್ಟೆ. ಹೆಸರು ಮುಚ್ಚಿಟ್ಟುಕೊಂಡು ತೀರಿಸುವ ಸೇಡು ಎಂಥ ಗಂಡಸಿನದು ಎಂದು ಒಂದು ಮನಸ್ಸು ಕೇಳಿತು. ಬಾಡಿಗೆ ಕಟ್ಟುವ ಗಂಡಸಿನದು ಎಂದು ಇನ್ನೊಂದು ಹೇಳಿತು. ಮಿಷನ್ನು ಅತ್ತಿಂದಿತ್ತ ಓಡಾಡುತ್ತ ಇಂಚಿಂಚಾಗಿ ಉಗುಳಿತು. ಕಬ್ಬು ಬಂತು. ಹಬ್ಬ ಬಂತು. ಎಮ್ಮೆ ಬಂತು. ಅಷ್ಟು ಸುಂದರವಾದ ಎಮ್ಮೆಯನ್ನು ನಾನು ಮತ್ತೆಂದೂ ಅಚ್ಚು ಹಾಕಲಾರೆ. ಸುರುಳಿ ಸುತ್ತಿ, ಶನಿವಾರ ಬೆಳಿಗ್ಗೆ ಗುಂಡ್ಲುಪೇಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ.

ಭಾನುವಾರ ನಾವು ನಾಲ್ವರೂ ಹೋದೆವು. ಮಗಳು ರೇಷ್ಮೆ ಲಂಗದಲ್ಲಿದ್ದಳು, ಮುಷ್ಟಿಯಲ್ಲಿ ಆ ಪೇಪರಿನ ಪಟ್ಟಿ. ಬಾಗಿಲಿನಲ್ಲೇ ಅವನು ಅವಳನ್ನು ತಡೆದು ಪಟ್ಟಿ ಹಿಡಿಸಿದ. ಮುಂದೆ ಏನಾಯಿತೆಂದು ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ. ತಲೆ ಎತ್ತಿದಾಗ ಅವಳು ತಟ್ಟೆ ಹಿಡಿದು ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದಳು. ಹೆಂಡತಿಯನ್ನೂ ಅವ್ವನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ನಾನು ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಓಡಲು ಅನುಕೂಲವಾದ ಕುರ್ಚಿ ಹಿಡಿದೆ. ಅಂಗಿಯ ಜೇಬಿನಲ್ಲಿ ಒಂದು ಹಿಡಿ ಹುಲ್ಲಿತ್ತು. ಮಂಟಪದ ಕಾಂಪೌಂಡಿನಲ್ಲಿ ಕಿತ್ತಿದ್ದು. ಅವನು ಎಲ್ಲರೆದುರು ತಬ್ಬಿಬ್ಬಾದ ಗಳಿಗೆಯಲ್ಲಿ ನೇರ ನಡೆದುಹೋಗಿ ಅಂಗೈಯಲ್ಲಿಡುವ ಯೋಜನೆ.

ವೇದಿಕೆಯ ಹಿಂದೆ ಫ್ಲೆಕ್ಸ್ ಗೋಡೆ ತುಂಬ ನಿಂತಿತ್ತು. ಎಮ್ಮೆ ಮೂರು ಅಡಿ ಎತ್ತರ. ನಾನು ಕಾದೆ. ಶಾಮಿಯಾನದವರು ಅದರ ಕೆಳಗೇ ಓಡಾಡಿದರು. ತಾಯಂದಿರು ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದರು. ಮುಖ್ಯ ಅತಿಥಿಗಳು, ನಿವೃತ್ತ ಅಧಿಕಾರಿ, ಬಂದು ಅದನ್ನು ಓದಿ ತಲೆದೂಗಿದರು. ಯಾರಿಗೂ ಏನೂ ಕಾಣಲಿಲ್ಲ. ವಾಟ್ಸಾಪಿನಲ್ಲಿ ನೋಡಿ ಒಪ್ಪಿದ್ದ ಅವನಂತೂ ಅತಿಥಿಗಳ ಹಿಂದೆ ಓಡಾಡುತ್ತ ಗೋಡೆಯ ಕಡೆ ತಿರುಗಲೇ ಇಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೆರಳು ಆಡಿಸುತ್ತ ಜೋರಾಗಿ ಓದಿಕೊಂಡರು, ‘ನಮ್ ಅಬ್ಬ ನಮ್ ಎಮ್ಮೆ’, ಮತ್ತೆ ನನ್ನ ಕಡೆ ತಿರುಗಿ, ‘ಚೆಂದಾಗ್ ಬರ್ದವ್ರೆ ಕಣಪ್ಪ’ ಎಂದರು.

ಆಗ ಅರ್ಥವಾಯಿತು. ನಮ್ಮ ಜನ ಹೆಮ್ಮೆಯನ್ನು ಯಾವಾಗಲೂ ಎಮ್ಮೆ ಎಂದೇ ಓದುತ್ತಾರೆ. ಎಮ್ಮೆ ಎಂದು ಬರೆದಿದ್ದರೆ ಹೆಮ್ಮೆ ಎಂದು ತಿಳಿಯುತ್ತಾರೆ. ಇಷ್ಟು ವರ್ಷ ಕಾದು ಎಸೆದ ಕಲ್ಲು ನನ್ನವರದೇ ಬಾಯಿಯ ಕೆರೆಯಲ್ಲಿ ಸದ್ದಿಲ್ಲದೆ ಮುಳುಗಿತು. ಬೆವರು ಒರೆಸಿಕೊಂಡೆ. ದುಃಖಕ್ಕೋ ನೆಮ್ಮದಿಗೋ ಹೇಳಲಾರೆ.

ನನ್ನನ್ನು ಕಾಪಾಡಿದ್ದು ಇಂಗ್ಲಿಷ್ ಮೀಡಿಯಂ. ಅವನು ಮೈಕಿನ ಮುಂದೆ ನಿಂತು ಹಾರ್ದಿಕ ಸ್ವಾಗತ ಊದಿ, ಮಕ್ಕಳೇ, ನಾನು ಶುರು ಮಾಡುತ್ತೇನೆ, ನೀವು ಮುಗಿಸಬೇಕು ಎಂದು ‘ನಮ್ಮ ಹಬ್ಬ’ ಎಂದ. ವೇದಿಕೆಯ ಎದುರು ನೆಲದ ಮೇಲೆ ಕೂತಿದ್ದ ಮಕ್ಕಳು ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಗೋಡೆಯಲ್ಲಿ ಏನಿದೆಯೋ ಅದನ್ನೇ ಓದುತ್ತಾರೆ. ಎಲ್ಲರೂ ಒಂದೇ ದನಿಯಲ್ಲಿ ‘ನಮ್ಮ ಎಮ್ಮೆ’ ಎಂದರು.

ಅವನು ನಸುನಕ್ಕ. ‘ಹೆಮ್ಮೆ’ ಎಂದು ತಿದ್ದಿದ, ಹಕಾರಕ್ಕೆ ಇನ್ನಷ್ಟು ಗಾಳಿ ಹಾಕಿ. ಮಕ್ಕಳು ‘ಎಮ್ಮೆ’ ಎಂದವು. ಮತ್ತೆ ತಿದ್ದಿದ. ಮುಂದೆ ಕೂತಿದ್ದ ಸ್ವಾತಂತ್ರ್ಯ ದಿನದ ಹುಡುಗ ಎದ್ದು ನಿಂತು ಅವನ ಬೆನ್ನ ಹಿಂದೆ ಬೊಟ್ಟು ಮಾಡಿದ. ಅವನು ತಿರುಗಿ ನೋಡಿದ.

ಆ ಬೆನ್ನನ್ನು ನಾನು ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತೇನೆ. ಅಷ್ಟು ಹೊತ್ತು ಅದು ಅಲ್ಲಾಡಲಿಲ್ಲ. ಈಗ ಸಭೆಯೂ ಅಕ್ಷರ ಬಿಡಿಸಿ ಓದಿತು. ನಗು ಹಿಂದಿನ ಸಾಲಿನಲ್ಲಿ ಹುಟ್ಟಿ ಮುಂದಕ್ಕೆ ಹೋಯಿತು, ಮುಖ್ಯ ಅತಿಥಿಗಳ ಹೊಟ್ಟೆಯೂ ಕುಲುಕಿತು. ನಾನು ಜೇಬಿಗೆ ಕೈ ಹಾಕಿದೆ. ಹುಲ್ಲು ಸಿಕ್ಕಿತು. ಅದನ್ನು ಹಿಡಿದುಕೊಂಡು ಕುರ್ಚಿಯಲ್ಲೇ ಕೂತೆ.

ತಿರುಗಿದವನ ಮುಖ ಕೆಂಪಾಗಿತ್ತು. ಇದು ಅಚ್ಚು ಹಾಕಿದವನ ಅಜ್ಞಾನ ಎಂದ. ನಮ್ಮ ಕಡೆಯ ಕೆಲವರಿಗೆ ಎಷ್ಟು ಓದಿಸಿದರೂ ನಾಲಿಗೆ ತಿರುಗುವುದಿಲ್ಲ, ಇಂಥವರಿಂದಲೇ ನುಡಿ ಕೆಡುತ್ತಿದೆ, ಅದಕ್ಕೇ ಇಂಥ ಶಿಬಿರಗಳು ಬೇಕು ಎಂದು ಭಾಷಣಕ್ಕೆ ಇಳಿದ. ಅಚ್ಚು ಹಾಕಿದವನು ಯಾರೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಅವನಿಗೆ, ನನಗೆ, ನನ್ನ ಮನೆಯವರಿಗೆ. ಅವರಲ್ಲಿ ಒಬ್ಬಳು ಮೆಟ್ಟಿಲ ಬಳಿ ತಟ್ಟೆ ಹಿಡಿದು ನಿಂತಿದ್ದಳು.

ಅವಳು ತಟ್ಟೆಯನ್ನು ಎತ್ತಿಕೊಂಡೇ ವೇದಿಕೆ ಹತ್ತಿದಳು. ತಟ್ಟೆಯನ್ನು ಮುಖ್ಯ ಅತಿಥಿಗಳ ತೊಡೆಯ ಮೇಲಿಟ್ಟು ಮೈಕಿನ ಹತ್ತಿರ ಬಂದಳು. ಕೈಯಲ್ಲಿ ಪಟ್ಟಿ ಇರಲಿಲ್ಲ.

‘ಸಾರ್, ಅದು ತಪ್ಪಲ್ಲ. ಅದು ನಮ್ಮಜ್ಜಿ ಎಮ್ಮೆ’ ಎಂದಳು.

ಅವನು ಮೈಕು ಹಿಡಿದುಕೊಳ್ಳುವುದರೊಳಗೆ ಕಥೆ ಹೊರಟೇಬಿಟ್ಟಿತ್ತು. ಸಂಕ್ರಾಂತಿಯ ಸಂಜೆ ಊರಿನ ಎತ್ತುಗಳಿಗೆಲ್ಲ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬೀದಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಿದ್ದರು. ಅಜ್ಜಿಯ ಮನೆಯಲ್ಲಿ ಎತ್ತಿರಲಿಲ್ಲ, ಕೂಲಿ ಮಾಡುವವರು, ಇದ್ದದ್ದು ಒಂದು ಎಮ್ಮೆ. ಎಮ್ಮೆಗೆಂಥ ಹಬ್ಬ ಎಂದು ಊರವರು ಅಂದರೂ, ಆಗ ಇವಳಷ್ಟೇ ಇದ್ದ ಅಜ್ಜಿ ಅದನ್ನು ಕೆರೆಯಲ್ಲಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಕೊಂಬಿಗೆ ಕೆಂಪು ಬಣ್ಣ ಹಚ್ಚಿದಳು ಎಂದು ಮಗಳು ಹೇಳುತ್ತಿರುವಾಗ ಮುಂದಿನ ಸಾಲಿನಿಂದ ಅವ್ವನ ದನಿ ಬಂತು, ‘ಬಣ್ಣ ಅಲ್ಲ ಕಣಮ್ಮಿ, ಕೆಮ್ಮಣ್ಣು. ಬಣ್ಣ ತರಕ್ಕೆ ನಮ್ಮಪ್ಪ ಏನ್ ಸಾವ್ಕಾರ್ನಾ?’

ಸಭೆ ನಕ್ಕಿತು. ಮಗಳು ‘ಔದು, ಕೆಮ್ಮಣ್ಣು’ ಎಂದು ತಿದ್ದಿಕೊಂಡು ಮುಂದುವರಿದಳು. ಸಾಲಿನ ಕೊನೆಗೆ ಎಮ್ಮೆಯನ್ನೂ ತಂದು ನಿಲ್ಲಿಸಿದರು. ಅದು ಬೆಂಕಿಯನ್ನು ನೋಡಿತು, ಅಜ್ಜಿಯನ್ನು ನೋಡಿತು, ಹಾರ ಹಾಕಿಕೊಂಡೇ ತಿರುಗಿ ಕೆರೆಗೆ ಹೋಗಿ ನೀರಲ್ಲಿ ಕೂತಿತು. ಕತ್ತಲಾದರೂ ಏಳಲಿಲ್ಲ. ಅಜ್ಜಿ ಏರಿಯ ಮೇಲೆ ಕೂತು ಒಬ್ಬಳೇ ಎಳ್ಳುಬೆಲ್ಲ ತಿಂದಳು. ಇದನ್ನು ಹೇಳುವಾಗ ಮಗಳು ಅವ್ವನ ಹಾಗೆಯೇ ಕತ್ತು ಓರೆ ಮಾಡಿ, ಎಮ್ಮೆಯ ಹಾಗೆ ಕಣ್ಣು ಅರೆ ಮುಚ್ಚಿದಳು.

‘ಎತ್ಗೊಳೆಲ್ಲ ಎದ್ರುಕೊಂಡು ಓಡೋದೊ. ನಮ್ಮಜ್ಜಿ ಎಮ್ಮೆ ಒಂದೇ ಅವತ್ತು ನೆಮ್ಮದಿಯಾಗಿ ಅಬ್ಬ ಮಾಡಿದ್ದು’ ಎಂದು ಕೈ ಮುಗಿದಳು. ಒಂದೇ ಒಂದು ಹಕಾರವಿರಲಿಲ್ಲ, ಬೇಕಾಗಲೂ ಇಲ್ಲ. ಚಪ್ಪಾಳೆ ತಟ್ಟಲು ಹೋಗಿ ಜೇಬಿನಲ್ಲಿದ್ದ ಕೈ ಹೊರಬಂತು, ಹುಲ್ಲಿನ ಎಸಳೆರಡು ಪಕ್ಕದ ಹಿರಿಯರ ಪಂಚೆಯ ಮೇಲೆ ಬಿದ್ದವು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಅವನು ಮೈಕಿಗೆ ಬಾಗಿ, ಮಕ್ಕಳ ಕುತೂಹಲ ಕೆರಳಿಸಲೆಂದೇ ಫಲಕದಲ್ಲಿ ಹೀಗೆ ಬರೆಸಲಾಗಿತ್ತು, ಇದೊಂದು ಪ್ರಯೋಗ ಎಂದ. ಐದು ನಿಮಿಷದ ಹಿಂದೆ ಅಜ್ಞಾನವಾಗಿದ್ದದ್ದು ಪ್ರಯೋಗವಾಯಿತು. ಮುಖ್ಯ ಅತಿಥಿಗಳು ಎದ್ದು ಬಂದು ಅವನಿಗೆ ಶಾಲು ಹೊದಿಸಿದರು. ನನ್ನ ಎಮ್ಮೆಗೆ ಅವನು ಶಾಲು ಹೊದ್ದುಕೊಂಡ.

ಊಟದ ಮನೆಯ ಹಿಂದೆ, ಕೈ ತೊಳೆಯುವ ನಲ್ಲಿಯ ಬಳಿ ಇಬ್ಬರೇ ಸಿಕ್ಕೆವು. ಅವನು ದನಿ ತಗ್ಗಿಸಿ, ‘ಪ್ರೂಫಲ್ಲಿ ಸರಿಯಾಗಿತ್ತಲ್ಲಪ್ಪ ಹಗಸ್ಟು. ಬೇಕಂತ ಮಾಡಿದ್ಯಾ?’ ಎಂದು ಕೇಳಿದ.

ಈ ಪ್ರಶ್ನೆಗೆ ಸರಿಯಾದ ಉತ್ತರ ಹಕಾರದಿಂದಲೇ ಶುರುವಾಗುತ್ತದೆ. ಅಂಥ ಕಡೆ ನಾನು ಸಾಮಾನ್ಯವಾಗಿ ‘ಊಂ’ ಅನ್ನುತ್ತೇನೆ, ಇಲ್ಲವೇ ‘ಯೆಸ್’. ಅವತ್ತು ಎರಡೂ ಬಾಯಿಗೆ ಬರಲಿಲ್ಲ.

‘ಔದು’ ಎಂದೆ.

‘ಯಾಕೆ?’

‘ಉಲ್ಲು ಕೊಟ್ಟಿದ್ಯಲ್ಲ, ಅದಕ್ಕೆ.’

ಅವನು ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದ. ‘ಯಾವ ಹುಲ್ಲು?’ ಎಂದ. ನಟಿಸುತ್ತಿರಲಿಲ್ಲ. ನಾನು ದಿನಾ ಎಣ್ಣೆ ಹಾಕಿ ಉರಿಸಿದ ದೀಪದ ಸುದ್ದಿಯೇ ಅವನಿಗಿರಲಿಲ್ಲ. ಜೇಬಿನಿಂದ ತೆಗೆದು ತೋರಿಸೋಣ ಎಂದರೆ ಯಾರೋ ಫೋಟೋಗೆಂದು ಕರೆದರು. ಶಾಲು ಸರಿಮಾಡಿಕೊಳ್ಳುತ್ತ, ಮುಂದಿನ ವರ್ಷವೂ ನೀನೇ ಮಾಡಿಕೊಡು, ಎಮ್ಮೆ ಹಾಗೇ ಇರಲಿ ಎಂದು ಹೋದ. ಬಾಡಿದ ಆ ಹುಲ್ಲು ಮಂಗಳವಾರ ಬಟ್ಟೆ ಒಗೆಯುವಾಗ ನನ್ನ ಹೆಂಡತಿಗೆ ಸಿಕ್ಕಿತು. ಗಾಳಿಗೆ ಬಂದಿರಬೇಕು ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಅವ್ವನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ತೆರಕಣಾಂಬಿ ದಾಟಿದ ಮೇಲೆ ಕಣ್ಣು ಬಿಡದೆಯೇ, ‘ಅಪ್ಪ, ಅಜ್ಜಿ ಎಮ್ಮೆಗೋಸ್ಕರ ತಾನೆ ನೀನು ಅಂಗೆ ಬರ್ದಿದ್ದು?’ ಎಂದು ಕೇಳಿದಳು. ಅವ್ವನೂ ನನ್ನ ಕಡೆ ನೋಡಿದಳು. ನಾನು ‘ಊಂ’ ಎಂದೆ. ಇಷ್ಟು ವರ್ಷ ಸಾಕಿದ ವಿಷವನ್ನು ಮಗು ಹಾಲೆಂದು ತಿಳಿದರೆ ತಂದೆಯಾದವನು ಏನು ತಾನೆ ಹೇಳಬಲ್ಲ.

ಆದರೂ ಒಳಗಿನ ಉರಿ ಆರಿರಲಿಲ್ಲ. ಶಾಲಿನ ಫೋಟೋ ಅವನ ವಾಟ್ಸಾಪಿನಲ್ಲಿ ವಾರಗಟ್ಟಲೆ ಇತ್ತು. ನಾನು ದಿನಾ ನೋಡುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಹೆಂಡತಿಯ ಅಕ್ಕನ ಮನೆಗೆಂದು ನಾನೂ ಮಗಳೂ ಗುಂಡ್ಲುಪೇಟೆಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿರುವಾಗ ಸ್ಕೂಲು ಬಿಟ್ಟ ಮಕ್ಕಳ ಗುಂಪೊಂದು ಎದುರಿಗಿದ್ದ ಯಾರಿಗೋ ‘ಎಮ್ಮೆ ಸಾರ್, ನಮಸ್ತೆ’ ಎಂದು ಕೂಗಿತು. ಬ್ಯಾಗು ಹಿಡಿದು ಬಸ್ಸಿನ ಕಡೆ ಹೋಗುತ್ತಿದ್ದ ಅವನು ತಿರುಗದೆ ನಡೆದ. ಹಣ್ಣಿನ ಗಾಡಿಯವನು ನಕ್ಕು, ‘ಎಮ್ಮೆ ಮೇಷ್ಟ್ರು ಬಸ್ಸು ಬಂತು’ ಎಂದ. ಊರಿಗೆಲ್ಲ ಗೊತ್ತಿತ್ತು. ನನಗೆ ‘ಹಗಸ್ಟು’ ಅಂಟಿದಷ್ಟೇ ಗಟ್ಟಿಯಾಗಿ ಅವನಿಗೆ ‘ಎಮ್ಮೆ’ ಅಂಟಿತ್ತು.

ಕಬ್ಬಿನ ಹಾಲು ಅಷ್ಟು ಸಿಹಿಯಾಗಿದ್ದದ್ದು ನನಗೆ ನೆನಪಿಲ್ಲ. ಮಗಳು ಲೋಟ ಕೆಳಗಿಟ್ಟು, ನನ್ನ ಅಂಗಿ ಜಗ್ಗಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ, ‘ಅಪ್ಪ, ಅಲ್ನೋಡು, ಎಮ್ಮೆ ಸಾರ್ ಓಗ್ತಾವ್ರೆ’ ಎಂದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದವನು ಈ ಸಲ ತಿರುಗಿದ. ಅವಳನ್ನು ನೋಡಿದ, ನನ್ನನ್ನು ನೋಡಿದ. ತಂದೆಯಾದವನು ಮಗುವನ್ನು ತಿದ್ದಬೇಕಾದ ಗಳಿಗೆ ಅದು. ಹೋಗ್ತಾವ್ರೆ ಅನ್ನಬೇಕು ಎಂದು ತಿದ್ದಬಹುದಿತ್ತು, ಎಮ್ಮೆ ಅನ್ನಬಾರದು ಎಂದೂ ತಿದ್ದಬಹುದಿತ್ತು. ನಾನು ಅವಳಿಗೆ ಇನ್ನೊಂದು ಲೋಟ ಹೇಳಿದೆ. ಆ ದಿನ ಜೇಬಿನಲ್ಲಿ ಹುಲ್ಲಿರಲಿಲ್ಲ, ಅದೊಂದೇ ಕೊರತೆ.